ನೂರು ವರ್ಷದ ಸವೆತ

ಮಾರ್ಚ್ ೧೧

ಪಾಲಿಶ್ ವಿಭಾಗದವರಿಗೆ,

ನಮಸ್ಕಾರ. ಸುಖವಾಗಿ ತಲುಪಿದ್ದೇನೆ. ನಮ್ಮ ಮರ ನನಗಿಂತ ಎಂಟು ದಿನ ಮೊದಲೇ ಹಡಗಿನಲ್ಲಿ ಬಂದು ಕೂತಿತ್ತು. ಒಟ್ಟು ನಲವತ್ತೊಂದು ಪೆಟ್ಟಿಗೆ, ಒಂದೂ ಒಡೆದಿಲ್ಲ. ಮೊದಲ ಪೆಟ್ಟಿಗೆಯ ಮುಚ್ಚಳ ಎಬ್ಬಿಸಿದ ಕೂಡಲೇ ನಿಮ್ಮ ಕೋಣೆಯ ವಾಸನೆ ಬಂತು. ಅರಗು, ಸ್ಪಿರಿಟ್, ಕುದಿಸಿದ ಚಹಾಪುಡಿ. ಗೊತ್ತಿಲ್ಲದ ಊರಿನಲ್ಲಿ ಮೊದಲು ಮೂಗಿಗೆ ಬಿದ್ದದ್ದು ಗೊತ್ತಿರುವ ವಾಸನೆ. ಉಳಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಏನೋ ಮುರಿದಿದೆ ಎಂದುಕೊಂಡು ಇಲ್ಲಿನವರು ಓಡಿ ಬಂದರು.

ಹೊರಡುವ ದಿನ ನೀವು, "ಈ ಐರಿಶ್ ಪಬ್ ಅಂದ್ರೆ ಏನು?" ಎಂದು ಕೇಳಿದ್ದಿರಿ. ಏಳು ತಿಂಗಳು ಅದರದೇ ಕೆಲಸ ಮಾಡಿದರೂ ಇಬ್ಬರಿಗೂ ಗೊತ್ತಿರಲಿಲ್ಲ. ನನಗೆ ಉತ್ತರ ಹೊಳೆಯುವಷ್ಟರಲ್ಲಿ ಬಸ್ಸು ಬಂತು. ಈಗ ತಿಳಿದಷ್ಟು ಬರೆಯುತ್ತೇನೆ. ಐರ್ಲೆಂಡ್ ಎಂಬ ದೇಶದಲ್ಲಿ ಜನ ಕೆಲಸ ಮುಗಿಸಿ ಬಂದು ಕುಡಿಯುತ್ತ, ಹಾಡುತ್ತ, ಹರಟುತ್ತ ಕೂರುವ ಮರದ ಅಂಗಡಿಗಳಿವೆಯಂತೆ. ನೂರಾರು ವರ್ಷ ಹಳೆಯವು. ಅವು ಎಲ್ಲರಿಗೂ ಎಷ್ಟು ಇಷ್ಟವೆಂದರೆ, ಈಗ ಬೇರೆ ದೇಶಗಳವರೂ ತಮ್ಮ ತಮ್ಮ ಬೀದಿಯಲ್ಲಿ ಅಂಥದೇ ಒಂದನ್ನು ಕಟ್ಟಿಸಿಕೊಳ್ಳುತ್ತಾರೆ. ಈ ಊರಿಗೂ ಐರ್ಲೆಂಡಿಗೂ ಸಂಬಂಧವಿಲ್ಲ. ಪಬ್ ಆಗಬೇಕಾದ ಜಾಗ ಮೊನ್ನೆಯವರೆಗೆ ಚಪ್ಪಲಿ ಅಂಗಡಿ. ಗೋಡೆಯ ಮೇಲೆ ಇನ್ನೂ ಕಾಲಿನ ಅಳತೆಯ ನಂಬರುಗಳಿವೆ.

ಇಲ್ಲಿ ಲೈಟಿನ ಕೆಲಸದವನೊಬ್ಬ ಇದ್ದಾನೆ. ಕೆಲವು ವರ್ಷ ನಮ್ಮ ಕಡೆ ದುಡಿದವನು, ನಮ್ಮ ಮಾತು ಬರುತ್ತದೆ. ಎಲ್ಲ ಅವನ ಮೂಲಕವೇ.

"ಪಬ್ ಯಜಮಾನಮ್ಮ ಐರ್ಲೆಂಡಿಗೆ ಹೋಗಿದ್ರಾ?" ಎಂದು ಕೇಳಿದೆ.

"ಇಲ್ಲ. ಪುಸ್ತಕದಲ್ಲಿ ನೋಡಿದಾರೆ."

"ಅಡುಗೆಯವನು?"

"ಅವನು ಪುಸ್ತಕಾನೂ ನೋಡಿಲ್ಲ."

"ಮತ್ತೆ ಇದು ಐರಿಶ್ ಹೇಗಾಗತ್ತೆ?"

"ನೀನು ಜೋಡಿಸಿ ಕೊಟ್ರೆ ಆಗತ್ತೆ ಕಣಯ್ಯಾ. ಅದಕ್ಕೇ ತಾನೆ ನಿನ್ನ ಕರೆಸಿರೋದು?"

ಒಂದು ಪೆಟ್ಟಿಗೆಯ ತುಂಬ ಹಳೆಯ ಫೋಟೋಗಳಿವೆ. ಯಾರದೋ ಅಜ್ಜಂದಿರು, ಯಾರದೋ ಮದುವೆ. ಎಲ್ಲ ಗೋಡೆಗೆ ಹೊಡೆಯಬೇಕು. ಯಾರಿಗೂ ಬೇಡವಾದ ಇಷ್ಟು ಜನ ಎಲ್ಲಿ ಸಿಕ್ಕಿದರೋ.

ಕೆಲಸದ ವಿಷಯ: ಕೌಂಟರಿನ ಕೆಳಗಿನ ಹಲಗೆಯೊಂದರಲ್ಲಿ ಬೂದಿ ಹಾರಿದ ಹಾಗೆ ಬಿಳಿ ಕಲೆ ಬಂದಿದೆ. ಸಮುದ್ರದ ತೇವ ಇರಬೇಕು. ಏನು ಹಚ್ಚಲಿ? ನಿಮ್ಮ ಉತ್ತರ ಬರುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ.

ಇಂತಿ,
ನೀವೆಲ್ಲ ಗೂಟ ಎಂದು ಕರೆಯುವ ಬಡಗಿ


ಮಾರ್ಚ್ ೨೯

ಬಡಗಿಯವರಿಗೆ,

ನಿಮ್ಮ ಕಾಗದ ಬಂತು. ಚಹಾ ಹೊತ್ತಿಗೆ ಮೇಸ್ತ್ರಿ ಹಲಗೆ ರಾಶಿಯ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದರು. "ಪಾಲಿಶ್ ವಿಭಾಗದವರಿಗೆ ಅಂತೆ! ಯಾಕೆ, ನಾವೆಲ್ಲ ಇಲ್ಲಿ ಸೌದೆ ಒಡೀತೀವಾ?" ಎಂದರು. ಎಲ್ಲರೂ ನಕ್ಕರು. "ಮೂರು ವರ್ಷದಲ್ಲಿ ಈ ಗೂಟ ಇಷ್ಟು ಮಾತಾಡಿದ್ದು ನಾನು ಕೇಳಿಲ್ಲ" ಎಂದು ಗರಗಸದವನು ಹೇಳಿದ.

ನಿಮಗೆ ಗೊತ್ತಿರಲಿ, ಆರ್ಡರಿನ ಕಾಗದಗಳೆಲ್ಲ ಆಫೀಸಿನ ಮೂಲಕವೇ ಬರಬೇಕು, ಹೋಗಬೇಕು ಎಂದು ಧಣಿಗಳ ಕಟ್ಟಪ್ಪಣೆ. ನಾನು ಬರೆಯುವ ಇದನ್ನೂ ಮೇಸ್ತ್ರಿ ಓದಿಯೇ ಲಕೋಟೆಗೆ ಹಾಕುತ್ತಾರೆ. ಆದ್ದರಿಂದ ವಿಷಯಕ್ಕೆ ಬರುತ್ತೇನೆ.

ಬಿಳಿ ಕಲೆಯ ಮೇಲೆ ವಾರ್ನಿಶ್ ಬಳಿಯಬೇಡಿ. ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಳೆಯ ಉಣ್ಣೆ ಬಟ್ಟೆಯನ್ನು ಉಂಡೆ ಮಾಡಿ ಅದಕ್ಕೆ ಸ್ಪಿರಿಟ್ ತೋರಿಸಿ. ತೋರಿಸಬೇಕು ಅಷ್ಟೇ, ಕುಡಿಸಬಾರದು. ಮರದ ಎಳೆ ಹೋದ ಕಡೆಗೇ ಕೈ ಹೋಗಲಿ, ನಡುವೆ ನಿಲ್ಲಬೇಡಿ. ಕೈ ನಿಂತರೆ ಬಟ್ಟೆ ಅಂಟಿಕೊಂಡು ಗುರುತು ಬೀಳುತ್ತದೆ. ನಿಮಗೆ ಕೆಲಸದ ನಡುವೆ ನಿಂತುಬಿಡುವ ಅಭ್ಯಾಸ ಇದೆ, ಅದಕ್ಕೆ ಹೇಳಿದೆ.

ಪಾಲಿಶಜ್ಜಿಗೆ ಕಣ್ಣು ಇನ್ನೂ ಮಂಜಾಗಿದೆ. ಆದರೂ ದಿನಾ ಬಂದು ನನ್ನ ಪಕ್ಕ ಕೂರುತ್ತಾರೆ. ಬೆರಳಲ್ಲಿ ಸವರಿಯೇ ನನ್ನ ತಪ್ಪು ಹಿಡಿಯುತ್ತಾರೆ.

ನಿಮ್ಮ ಬೆಂಚಿಗೆ ಬೇರೆ ಯಾರನ್ನೂ ಹಾಕಿಲ್ಲ. ಮೇಸ್ತ್ರಿ ತಮ್ಮ ಊಟದ ಡಬ್ಬಿ ಅಲ್ಲಿಡುತ್ತಾರೆ. ನಾನು ಅದನ್ನು ಕಿಟಕಿಗೆ ಸರಿಸುತ್ತೇನೆ. ಮರಕ್ಕೆ ಎಣ್ಣೆ ಇಳಿಯುತ್ತದೆ ಎಂದು.

ಇಂತಿ,
ಪಾಲಿಶ್ ವಿಭಾಗ

ಮೇಸ್ತ್ರಿಯ ಷರಾ: ಡಬ್ಬಿ ಯಾರು ಸರಿಸ್ತಾರೆ ಅಂತ ಒಂದು ತಿಂಗಳಿಂದ ಹುಡುಕ್ತಿದ್ದೆ. ಈಗ ಗೊತ್ತಾಯ್ತು. ಕೆಲಸ ಬೇಗ ಮುಗಿಸಿ ಬಾ. ಇಲ್ಲಿ ಬಾಗಿಲ ಚೌಕಟ್ಟು ಸೊಟ್ಟ ಮಾಡೋಕೆ ಬೇಕಾದಷ್ಟು ಜನ ಇದಾರೆ, ನೆಟ್ಟಗೆ ಮಾಡೋಕೆ ಯಾರೂ ಇಲ್ಲ.


ಏಪ್ರಿಲ್ ೧೬

ಪಾಲಿಶ್ ವಿಭಾಗದವರಿಗೆ, ಮತ್ತು ಓದುತ್ತಿರುವ ಮೇಸ್ತ್ರಿಗೆ,

ಕಲೆ ಹೋಯಿತು. ನಡುವೆ ನಿಲ್ಲಲಿಲ್ಲ.

ಗೋಡೆಯ ಹಲಗೆ, ಬೆಂಚು, ಗಾಜಿನ ಬೀರು ಎಲ್ಲ ಕೂತವು. ಹೋದ ವಾರ ಕೌಂಟರ್ ಹಾಕಿದೆ. ಮೇಲಿನ ಐದು ಹಲಗೆಯನ್ನೂ ಸಾಲಾಗಿ ಕೂರಿಸಿ, ಗೂಟ ಬಡಿದು, ಅಂಟು ಒಣಗಿದ ಮೇಲೆ ಸ್ಟೂಲ್ ಹಾಕಿಕೊಂಡು ಕೌಂಟರಿನ ಹೊರಗಡೆ ಕೂತು ನೋಡಿದೆ. ಆಮೇಲೆ ನನ್ನ ತಪ್ಪು ಕಂಡಿತು.

ತಪ್ಪು ಏನೆಂದು ಬರೆಯುತ್ತೇನೆ. ಹಲಗೆಗಳ ಕೆಳಗೆ ನಾನು ಪೆನ್ಸಿಲಿನಲ್ಲಿ ಹಾಕಿದ್ದ ನಂಬರು ನಿಮ್ಮ ಪಾಲಿಶಿನಲ್ಲಿ ಅಳಿಸಿಹೋಗಿತ್ತು. ನೀವು ಚೀಟಿ ಅಂಟಿಸಿದ್ದಿರಿ, ಒಂದರಿಂದ ಐದು. ನಾನು ಅದೇ ಪ್ರಕಾರ ಕೂರಿಸಿದೆ. ಆದರೆ ಬಡಗಿ ಎಣಿಸುವುದು ಒಳಗಿನಿಂದ. ಕೀಲು, ಗೂಟ, ಸಂದು ಎಲ್ಲ ಒಳಗಡೆಯೇ ಇರುವುದರಿಂದ ಕೌಂಟರಿನ ಹಿಂದೆ ನಿಂತು ಎಡದಿಂದ ಎಣಿಸುತ್ತೇವೆ. ನೀವು ಕುಡಿಯುವವರು ಕೂರುವ ಕಡೆಯಿಂದ ಎಣಿಸಿದ್ದೀರಿ ಎಂದು ಕಾಣುತ್ತದೆ. ನಿಮ್ಮ ಒಂದು ಕೂರಬೇಕಾಗಿದ್ದದ್ದು ನನ್ನ ಐದರ ಜಾಗದಲ್ಲಿ. ಮೂರು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದ್ದೇವೆ. ಎಣಿಸುವುದು ಯಾವ ಕಡೆಯಿಂದ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡಿಲ್ಲ.

ಬೇರೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ನನಗೆ ಗೊತ್ತಾದದ್ದು ಸವೆತದಿಂದ. ನಕ್ಷೆಯಲ್ಲಿ 'ನೂರು ವರ್ಷದ ಸವೆತ' ಎಂದು ಬರೆದಿತ್ತಲ್ಲ, ನೀವು ಅದಕ್ಕಾಗಿ ಒಂದೂವರೆ ತಿಂಗಳು ತಿಕ್ಕುತ್ತಿದ್ದಿರಿ. ನಾನು ಅದನ್ನು ದೂರದಿಂದ ನೋಡಿದ್ದೆ, ಕೂತು ನೋಡಿರಲಿಲ್ಲ. ಈಗ ಕೂತು ಒಂದೊಂದೇ ತಗ್ಗಿನಲ್ಲಿ ಮೊಣಕೈ ಇಟ್ಟು ನೋಡಿದೆ. ಎಲ್ಲವೂ ಬೇರೆ ಬೇರೆ. ನಾಲ್ಕನೆಯ ಹಲಗೆಯ ಬಲ ತುದಿಗೆ ಒಂದು ತಗ್ಗು, ಐದನೆಯದರ ಎಡ ತುದಿಗೆ ಒಂದು. ನೀವು ಎಣಿಸಿದ ಹಾಗೆ ಕೂರಿಸಿದ್ದರೆ ಅವೆರಡೂ ಒಂದರ ಪಕ್ಕ ಒಂದು, ಒಂದರ ಕಡೆಗೆ ಒಂದು ವಾಲಿಕೊಂಡು ಕಿಟಕಿಯ ಹತ್ತಿರ ಇರುತ್ತಿದ್ದವು. ನಾನು ಕೂರಿಸಿದ ಹಾಗೆ ಒಂದು ಗೋಡೆಗೆ ಅಂಟಿಕೊಂಡಿದೆ, ಅಲ್ಲಿ ಯಾರೂ ಕೂರಲಾಗುವುದಿಲ್ಲ. ಇನ್ನೊಂದು ಅಷ್ಟು ದೂರದಲ್ಲಿ, ಯಾರೂ ಇಲ್ಲದ ಕಡೆಗೆ ವಾಲಿಕೊಂಡು ಕೂತಿದೆ.

ಬಿಚ್ಚಿ ಮತ್ತೆ ಕೂರಿಸಲು ನಾಲ್ಕು ದಿನ ಬೇಕು. ಯಜಮಾನಮ್ಮನಿಗೆ ಹೇಳಿದೆ. "ಅವನಿಗೆ ಹುಚ್ಚಾ? ನನಗೇನೂ ಕಾಣ್ತಿಲ್ಲ. ಮುಂದಿನ ತಿಂಗಳು ಬಾಗಿಲು ತೆಗೀಬೇಕು" ಎಂದರಂತೆ.

ನಾಲ್ಕು ಮತ್ತು ಐದರ ನಡುವಿನ ಆ ಎರಡು ತಗ್ಗು ನಕ್ಷೆಯಲ್ಲಿ ಇರಲಿಲ್ಲ. ಅಲ್ಲಿ ಕೂತವರು ಯಾರು? ಕೆಲಸಕ್ಕೆ ಬೇಕಾಗಿ ಕೇಳುತ್ತಿದ್ದೇನೆ.

ಇಂತಿ,
ಒಳಗಿನಿಂದ ಎಣಿಸಿದ ಬಡಗಿ


ಮೇ ೩

ಬಡಗಿಯವರಿಗೆ,

ತಪ್ಪು ನನ್ನದೂ ಹೌದು. ಚೀಟಿಯ ಮೇಲೆ 'ಹೊರಗಿನಿಂದ' ಎಂದು ಒಂದು ಮಾತು ಬರೆದಿದ್ದರೆ ಆಗುತ್ತಿತ್ತು.

ಸವೆತದ ಬಗ್ಗೆ ಕೇಳಿದ್ದೀರಿ. ಕೆಲಸ ಕಲಿಸುವಾಗ ಪಾಲಿಶಜ್ಜಿ ನನಗೆ ಹೇಳಿದ್ದು ಒಂದೇ. "ಸುಮ್ನೆ ತಿಕ್ಕಬೇಡ ಮಗಾ. ಮೊದ್ಲು ಅಲ್ಲಿ ಯಾರನ್ನಾದ್ರೂ ಕೂರಿಸು. ಅವರು ಹೆಂಗೆ ಕೂರ್ತಾರೆ ನೋಡು. ಆಮೇಲೆ ಕೈ ಹಾಕು." ಯಾರೂ ಇಲ್ಲದೆ ತಿಕ್ಕಿದರೆ ಎಲ್ಲ ತಗ್ಗೂ ಒಂದೇ ತರ ಬರುತ್ತವೆ, ನೋಡಿದವರಿಗೆ ಸುಳ್ಳೆಂದು ಗೊತ್ತಾಗುತ್ತದೆ.

ಅದಕ್ಕೆ ನಾನು ಒಬ್ಬೊಬ್ಬರನ್ನು ಕೂರಿಸಿದೆ. ಒಂದನೆಯ ಹಲಗೆಯಲ್ಲಿ ಮೇಸ್ತ್ರಿ. ಅವರು ಕೂರುವುದಿಲ್ಲ, ನಿಂತುಕೊಂಡೇ ಒಂದು ಕೈ ಊರಿ ಎಲ್ಲರ ಮೇಲೂ ಕಣ್ಣಿಡುತ್ತಾರೆ, ಅದಕ್ಕೇ ಅಲ್ಲಿ ಒಂದೇ ಕೈಯ ಗುರುತು, ಆಳ ಜಾಸ್ತಿ. ಎರಡನೆಯದರಲ್ಲಿ ನಮ್ಮ ಭಾವ. ಗಡಿಯಾರ ರಿಪೇರಿ ಮಾಡುವವರಿಗೆ ಎರಡು ಮೊಣಕೈಯೂ ಹತ್ತಿರ ಹತ್ತಿರ ಇರುತ್ತವೆ. ಮೂರನೆಯದರಲ್ಲಿ ನಮ್ಮ ಬೀದಿಯ ಅಂಚೆಯವರು, ಅರ್ಧ ಮಾತ್ರ ಕೂರುತ್ತಾರೆ, ಯಾವಾಗಲೂ ಎದ್ದು ಹೋಗುವ ಆತುರ.

ನಾಲ್ಕು ಮತ್ತು ಐದರ ನಡುವೆ ಇಬ್ಬರು. ಒಬ್ಬರು ಕಡಿಮೆ ಮಾತಿನವರು. ಇನ್ನೊಬ್ಬರಿಗೆ ಬಾಯಿಬಿಟ್ಟು ಕೇಳುವುದಕ್ಕೆ ಬರುವುದಿಲ್ಲ. ಹಾಗಾಗಿ ಇಬ್ಬರೂ ಹತ್ತಿರ ವಾಲಿ ಕೂರಬೇಕಾಗುತ್ತದೆ. ಇದಕ್ಕಿಂತ ಹೆಚ್ಚು ಬರೆಯಲು ಇಲ್ಲಿ ಜಾಗವಿಲ್ಲ.

ಅವು ದೂರ ಆದರೆ ಆಗಲಿ. ಯಜಮಾನಮ್ಮ ಹೇಳಿದ್ದು ಸರಿ, ಯಾರಿಗೂ ಕಾಣುವುದಿಲ್ಲ. ನೀವು ಅದಕ್ಕಾಗಿ ಜಗಳ ಆಡಬೇಡಿ.

ಹೋದ ಭಾನುವಾರ ನಮ್ಮ ಮನೆಗೆ ನೆಂಟರು ಬಂದಿದ್ದರು. ನನ್ನ ಉಗುರು ನೋಡಿ, "ಈ ಬಣ್ಣ ಹೋಗಲ್ವಾ?" ಎಂದು ಕೇಳಿದರು. ಹೋಗುವುದಿಲ್ಲ ಎಂದೆ.

ಇಂತಿ,
ಪಾಲಿಶ್ ವಿಭಾಗ

ಮೇಸ್ತ್ರಿಯ ಷರಾ: ನನ್ನ ಮೊಣಕೈ ಸಮುದ್ರ ದಾಟಿದ್ದು ತಿಳಿದು ಸಂತೋಷ. ಪಾಲಿಶಮ್ಮ ನೆಂಟರು ಅಂತ ಬರೆದಿದಾಳೆ, ನಾನು ಬಿಡಿಸಿ ಹೇಳ್ತೀನಿ. ಹಿಟ್ಟಿನ ಗಿರಣಿಯವನು, ಸ್ವಂತ ಗಿರಣಿ, ಒಳ್ಳೆ ಮನುಷ್ಯ. ಹುಡುಗೀನೂ ಒಪ್ಪಿದಾಳೆ. ಇಪ್ಪತ್ತೈದನೇ ತಾರೀಕು ಭಾನುವಾರ ಮಾತು ಪಕ್ಕಾ ಮಾಡೋಕೆ ಮತ್ತೆ ಬರ್ತಾರೆ. ಗೂಟಕ್ಕೆ ಕಿವಿ ಇದ್ರೆ ಕೇಳಿಸಿಕೊಳ್ಳಲಿ. ಕಾಗದ ಹೋಗೋಕೆ ಹದಿನಾರು ದಿನ ಬೇಕು, ಬರೋಕೂ ಹದಿನಾರು. ಲೆಕ್ಕ ನೀನೇ ಹಾಕ್ಕೋ.


ಮೇ ೨೦

ಪಾಲಿಶ್ ವಿಭಾಗದವರಿಗೆ,

ಶನಿವಾರ ಪಬ್ ತೆರೆಯಿತು. ನಾನು ಒಳಗೆ ಹೋಗುವವನಲ್ಲ ಎಂದು ಬೀದಿಯಲ್ಲೇ ನಿಂತಿದ್ದೆ. ಲೈಟಿನವನು ಬಂದು ರಟ್ಟೆ ಹಿಡಿದು ಎಳೆದ. "ಬಾರಯ್ಯಾ, ನೀನು ಕಟ್ಟಿದ ಮನೆಗೆ ನೀನೇ ನೆಂಟನ ಥರಾ ನಿಂತಿದೀಯಲ್ಲ!"

ಎರಡು ತಿಂಗಳು ಆ ಕೋಣೆಯಲ್ಲಿ ನಾನು ಹೆಚ್ಚುಕಡಿಮೆ ಒಬ್ಬನೇ ಇದ್ದೆ. ಬಾಗಿಲು ದಾಟಿದರೆ ಬೇರೆಯೇ ಜಾಗ. ಹಳದಿ ದೀಪ, ಗಾಜಿನ ಲೋಟಗಳ ಸದ್ದು, ಮೂಲೆಯಲ್ಲಿ ಇಬ್ಬರು ಪಿಟೀಲು ಬಾರಿಸುತ್ತಿದ್ದರು. ಗೋಡೆಯ ಅಜ್ಜ ಅಜ್ಜಿಯರು ಇಷ್ಟು ದಿನ ನನ್ನನ್ನೇ ನೋಡುತ್ತಿದ್ದವರು, ಈಗ ಎಲ್ಲರನ್ನೂ ನೋಡುತ್ತಿದ್ದರು. ನನ್ನ ಮುಂದೆ ಒಂದು ಕಪ್ಪು ಬಿಯರ್ ತಂದಿಟ್ಟರು. ಮೇಲೆ ಬಿಳಿ ನೊರೆ. ಬಾಯಿಗಿಟ್ಟರೆ ಕಹಿ. ಮರ ಕಪ್ಪು ಮಾಡಲು ನೀವು ಮೊಳೆ ನೆನೆಸಿಡುವ ಡಬ್ಬಿಯ ನೀರೂ ಹೀಗೇ ಇರಬಹುದು ಅನ್ನಿಸಿತು. ಅರ್ಧ ಕುಡಿದೆ.

ಕೌಂಟರಿನ ನಡುವೆ ಒಬ್ಬ ಮುದುಕರು ಕೂತಿದ್ದರು. ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವರಂತೆ. ಅವರು ನಿಜವಾಗಿಯೂ ಐರ್ಲೆಂಡಿನವರು. ಈ ಊರಿಗೆ ಬಂದು ಮೂವತ್ತು ವರ್ಷವಾಯಿತು, ಒಮ್ಮೆಯೂ ಹಿಂದಿರುಗಿಲ್ಲ. ಅವರು ಬಂದಿದ್ದಾರೆಂದು ಗೊತ್ತಾಗಿ ಯಜಮಾನಮ್ಮ ಪರೀಕ್ಷೆಗೆ ಕೂತವರ ಹಾಗೆ ಎದುರಿಗೆ ನಿಂತರು. ಲೈಟಿನವನು ನನಗೆ ಎಲ್ಲ ಹೇಳುತ್ತಿದ್ದ.

"ನಿಮ್ಮೂರಿನ ಥರಾನೇ ಇದೆಯಾ?" ಎಂದು ಯಜಮಾನಮ್ಮ ಕೇಳಿದರು.

"ಇಲ್ಲ" ಎಂದರು ಮುದುಕರು. "ನಮ್ಮೂರಿನದು ಇದರ ಕಾಲು ಭಾಗ. ಕಿಟಕಿ ಇಷ್ಟು ದೊಡ್ಡದಿಲ್ಲ. ಇಷ್ಟು ಚೊಕ್ಕಟವಂತೂ ಇಲ್ವೇ ಇಲ್ಲ."

"ಮತ್ತೆ ಮಧ್ಯಾಹ್ನದಿಂದ ಕೂತಿದ್ದೀರಲ್ಲ?"

"ಏಳೋಕೆ ಮನಸ್ಸು ಬರ್ತಿಲ್ಲ."

ಆಮೇಲೆ ಅವರು ಕೌಂಟರನ್ನು ಅಂಗೈಯಲ್ಲಿ ಸವರತೊಡಗಿದರು. ಅವರು ಕೂತದ್ದು ಆ ಒಂಟಿ ತಗ್ಗಿನ ಮುಂದೆ. ಅದರಲ್ಲಿ ಮೊಣಕೈ ಇಟ್ಟರು, ಸರಿಯಾಗಲಿಲ್ಲ, ಮೈ ತಿರುಗಿಸಿ ಇಟ್ಟರು, ಸರಿಯಾಗಿ ಕೂತಿತು. ಪಕ್ಕದ ಸ್ಟೂಲ್ ನೋಡಿದರು. ಪಕ್ಕದಲ್ಲಿ ಮರ ನುಣ್ಣಗಿದೆ, ಏನೂ ಇಲ್ಲ.

"ಇಲ್ಲಿ ಕೂರ್ತಿದ್ದೋರ ಜೊತೆ ಇನ್ನೊಬ್ಬರು ಇದ್ರು" ಎಂದರು. "ಒಬ್ಬನೇ ಕೂತವನು ಕೈ ನೆಟ್ಟಗಿಡ್ತಾನೆ. ಹೀಗೆ ಓರೆ ಇಡೋದು ಪಕ್ಕದವರ ಮಾತು ಕೇಳೋಕೆ. ಆ ಇನ್ನೊಬ್ಬರ ಜಾಗ ಎಲ್ಲಿ?"

ಯಜಮಾನಮ್ಮನಿಗೆ ಅರ್ಥವಾಗಲಿಲ್ಲ. ನಾನು ಎದ್ದು ಹೋಗಿ ಗೋಡೆಯ ಮೂಲೆಯ ತಗ್ಗನ್ನು ತೋರಿಸಿದೆ. ಅವರು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನೋಡಿದರು. "ಅಯ್ಯೋ, ಪಾಪ" ಎಂದರು. ಅದು ಎಂಟು ತಿಂಗಳ ಹಿಂದೆ ಒಬ್ಬರು ಉಣ್ಣೆ ಬಟ್ಟೆಯಲ್ಲಿ ತಿಕ್ಕಿದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರ ಮುಂದೆ ಅದು ಸುಳ್ಳೆಂದು ನನಗೂ ಅನ್ನಿಸಲಿಲ್ಲ.

ಯಜಮಾನಮ್ಮ ಇನ್ನೆರಡು ಊರಿನಲ್ಲಿ ಇಂಥದೇ ಪಬ್ ಮಾಡುತ್ತಾರಂತೆ. ಎರಡು ವರ್ಷದ ಕೆಲಸ, ಇಲ್ಲೇ ಇರು ಎನ್ನುತ್ತಾರೆ. ತಿಂಗಳ ಕೊನೆಗೆ ಉತ್ತರ ಕೊಡಬೇಕು.

ನಿಮ್ಮ ಕಾಗದ ಸೋಮವಾರ ಬಂತು. ಷರಾ ಸಮೇತ ಓದಿದೆ. ಕಾಗದ ತಲುಪಲು ಹದಿನಾರು ದಿನ ಬೇಕು, ಭಾನುವಾರಕ್ಕೆ ಆರೇ ದಿನ. ಅದಕ್ಕೆ ಅವತ್ತೇ ಆಫೀಸಿಗೆ ಫೋನ್ ಮಾಡಿದೆ. ಧಣಿಗಳು ಎತ್ತಿದರು. ನನ್ನಿಂದ ಹೇಳಲಾದದ್ದನ್ನು ಹೇಳಿದೆ.

ಇಂತಿ,
ಬಡಗಿ


ಮೇ ೨೮

ಬಡಗಿಯವರಿಗೆ,

ನೀವು ಸೋಮವಾರ ಫೋನ್ ಮಾಡಿದ ವಿಷಯ ಇಡೀ ಕಾರ್ಖಾನೆಗೆ ಗೊತ್ತಾಯಿತು. ಧಣಿಗಳು ಕನ್ನಡಕ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು.

"ಏನ್ರೀ ಮೇಸ್ತ್ರಿ, ಅಷ್ಟು ದೂರದಿಂದ ಫೋನ್ ಮಾಡಿದಾನೆ. ಏನೋ ಬೆಂಕಿ ಬಿತ್ತೋ ಅಂತ ಎದೆ ಧಸಕ್ ಅಂತು. 'ಪಾಲಿಶ್ ತುಂಬಾ ಚೆನ್ನಾಗಿದೆ ಅಂತ ಹೇಳಿ' ಅಂದ. ಆಮೇಲೆ ಸುಮ್ಮನಾದ. ನಾನು ಹಲೋ ಹಲೋ ಅಂತೀನಿ, ಉಸಿರು ಮಾತ್ರ ಕೇಳಿಸ್ತಿದೆ. ಮತ್ತೆ 'ಅಷ್ಟೇ' ಅಂತ ಇಟ್ಟುಬಿಟ್ಟ! ಇದನ್ನ ಹೇಳೋಕೆ ಯಾರಾದ್ರೂ ಫೋನ್ ಮಾಡ್ತಾರಾ?"

ಎಲ್ಲರೂ ನಕ್ಕರು. ಪಾಲಿಶಜ್ಜಿ ನಗಲಿಲ್ಲ. ನಾನು ಕುರ್ಚಿಯ ಕಾಲು ತಿಕ್ಕುತ್ತಿದ್ದೆ. ನನ್ನ ಕೈ ಎಷ್ಟು ಹೊತ್ತು ಒಂದೇ ಕಡೆ ನಿಂತಿತ್ತೋ, ಬಟ್ಟೆ ಅಂಟಿಕೊಂಡು ಗುರುತು ಬಿತ್ತು. ಆ ಕಾಲನ್ನು ಮೊದಲಿಂದ ಮಾಡಬೇಕಾಯಿತು.

ಭಾನುವಾರ ಗಿರಣಿಯವರು ಬರಬೇಕಿತ್ತು. ಮಾತು ಮುಂದುವರಿಯಲಿಲ್ಲ. ನಾನೇ ಬೇಡ ಅಂದೆ. ಕಾರಣವನ್ನು ಮೇಸ್ತ್ರಿಗೆ ಹೇಳಿಲ್ಲ. ಅವರು ಇದನ್ನೂ ಓದುತ್ತಾರಾದ್ದರಿಂದ ಇಲ್ಲಿಯೂ ಬರೆಯುವುದಿಲ್ಲ.

ಪಬ್ ಕೆಲಸ ಮುಗಿದಿರಬೇಕು. ಯಾವ ತಾರೀಕಿಗೆ ಹೊರಡುತ್ತೀರಿ?

ಇಂತಿ,
ಪಾಲಿಶ್ ವಿಭಾಗ

ಮೇಸ್ತ್ರಿಯ ಷರಾ: ಕಾರಣ ನನಗೆ ಬೇಕಾಗಿಲ್ಲ. ನನ್ನ ತಲೆಕೂದಲು ಬಿಸಿಲಿಗೆ ಬೆಳ್ಳಗಾಗಿಲ್ಲ.


ಜೂನ್ ೪

ಪಾಲಿಶ್ ವಿಭಾಗದವರಿಗೆ,

ಇಪ್ಪತ್ತೈದನೇ ತಾರೀಕು ಕಳೆದು ಹತ್ತು ದಿನವಾಯಿತು. ನಿಮಗೆ ಒಳ್ಳೆಯದಾಗಲಿ. ಗಿರಣಿಯವರು ಒಳ್ಳೆಯವರೆಂದು ಮೇಸ್ತ್ರಿ ಬರೆದಿದ್ದಾರೆ. ಮೇಸ್ತ್ರಿ ಮನುಷ್ಯರ ವಿಷಯದಲ್ಲಿ ಸುಳ್ಳು ಹೇಳುವವರಲ್ಲ.

ನಾನು ಶನಿವಾರ ಯಜಮಾನಮ್ಮನ ಕಾಗದಕ್ಕೆ ರುಜು ಹಾಕಿದೆ. ಎರಡು ವರ್ಷ. ರುಜು ಹಾಕುವ ಮುಂಚೆ ಒಂದು ಷರತ್ತು ಇಟ್ಟೆ, ನಾಲ್ಕು ದಿನ ಪಬ್ ಮುಚ್ಚಬೇಕು, ಕೌಂಟರ್ ಬಿಚ್ಚಿ ಸರಿಯಾಗಿ ಕೂರಿಸಬೇಕು ಎಂದು. "ಸಂಬಳ ಜಾಸ್ತಿ ಕೇಳ್ತಾನೆ ಅಂದ್ಕೊಂಡಿದ್ದೆ. ಇವನು ಇದನ್ನ ಕೇಳ್ತಿದಾನಲ್ಲ!" ಎಂದು ಯಜಮಾನಮ್ಮ ನಕ್ಕರಂತೆ. ಆದರೆ ಒಪ್ಪಿದರು.

ಇವತ್ತಿಗೆ ಕೆಲಸ ಮುಗಿಯಿತು. ನೀವು ಎಣಿಸಿದ ಹಾಗೆ, ಹೊರಗಿನಿಂದ, ಒಂದು ಎರಡು ಮೂರು ನಾಲ್ಕು ಐದು. ಮೇಸ್ತ್ರಿ ಬಾಗಿಲ ಹತ್ತಿರ ಬಂದರು, ಅವರಿಗೆ ಅದೇ ಸರಿಯಾದ ಜಾಗ. ಕಿಟಕಿಯ ಹತ್ತಿರದ ಎರಡು ತಗ್ಗು ಒಂದರ ಪಕ್ಕ ಒಂದು ಬಂದವು. ಸಂದು ಕೂದಲೆಳೆಯಷ್ಟೂ ಕಾಣುವುದಿಲ್ಲ. ಆ ಮುದುಕರು ಬಂದರೆ ತೋರಿಸಬೇಕು.

ಇನ್ನು ಬರೆದರೂ ಯಾರಿಗೂ ತೊಂದರೆಯಾಗದ ಒಂದು ವಿಷಯ ಇದೆ. ಇದನ್ನು ಎಲ್ಲರ ಮುಂದೆ ಓದಿದರೂ ಓದಲಿ. ಅವತ್ತು ನಾನು ಫೋನ್ ಮಾಡಿದ್ದು ಪಾಲಿಶಿನ ವಿಷಯಕ್ಕಲ್ಲ. ಆ ಇಬ್ಬರಲ್ಲಿ ಕಡಿಮೆ ಮಾತಿನವರು ಯಾರು ಎಂದು ಕೇಳುವುದಿತ್ತು. ನಾನು ಇರಬಹುದೇ ಎಂದು ಕೇಳುವುದಿತ್ತು. ಧಣಿಗಳ ದನಿ ಕೇಳಿದ ಕೂಡಲೇ ನಾಲಿಗೆ ಒಣಗಿತು. ಬೆಂಚಿನಲ್ಲಿ ಕೂತು ಮೂರು ವರ್ಷ ನಿಮ್ಮ ಕೋಣೆಯ ಬಾಗಿಲು ನೋಡುತ್ತಿದ್ದೆ. ಅದಕ್ಕೇ ಕೆಲಸದ ನಡುವೆ ನಿಂತುಬಿಡುತ್ತಿದ್ದದ್ದು. ಈಗ ನೀವು ಉತ್ತರ ಕೊಡಬೇಕಾಗಿಲ್ಲ. ಕೊಡುವುದು ಸರಿಯೂ ಅಲ್ಲ.

ಮುಂದಿನ ಊರಿನ ವಿಳಾಸವನ್ನು ಆಫೀಸಿಗೆ ಕಳಿಸುತ್ತೇನೆ.

ಇಂತಿ,
ಬಡಗಿ


ಜೂನ್ ೨೨

ಬಡಗಿಯವರಿಗೆ,

ಇದನ್ನು ಕಾರ್ಖಾನೆಯಿಂದ ಬರೆಯುತ್ತಿಲ್ಲ. ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಾನೇ ಹೋಗಿ ಡಬ್ಬಕ್ಕೆ ಹಾಕುತ್ತೇನೆ.

ನಿಮ್ಮ ಕಾಗದ ಶುಕ್ರವಾರ ಬಂತು. ಮೇಸ್ತ್ರಿ ಎಂದಿನ ಹಾಗೆ ಹಲಗೆ ರಾಶಿಯ ಮೇಲೆ ನಿಂತು ಓದಲು ಶುರು ಮಾಡಿದರು. ಮೇಸ್ತ್ರಿ ಬಾಗಿಲ ಹತ್ತಿರ ಬಂದರು ಎನ್ನುವವರೆಗೆ ಓದಿ ನಕ್ಕರು. ಆಮೇಲೆ ಕಣ್ಣು ಕಾಗದದ ಮೇಲೆ ಓಡಿತು, ಬಾಯಿ ಮುಚ್ಚಿತು. "ಓದ್ರೀ ಮೇಸ್ತ್ರಿ, ಮುಂದೇನು?" ಎಂದು ಗರಗಸದವನು ಕೇಳಿದ. "ಮುಂದೆ ಅಳತೆ ಇದೆ ಕಣೋ, ನಿನಗೆ ತಿಳಿಯಲ್ಲ" ಎಂದು ಕೆಳಗಿಳಿದರು. ಕಾಗದ ಮಡಚಿ ನನ್ನ ಕೈಗೆ ಕೊಟ್ಟು, "ಇದು ನಿಂದಮ್ಮ. ನಾನು ಓದಬಾರದಿತ್ತು" ಎಂದರು. ನನ್ನ ಮುಖ ನೋಡದೆ ಹೋದರು. ಸಂಜೆ ಬಂದು, ಹುಡುಗಿ ಒಪ್ಪಿದಾಳೆ ಎಂದು ಷರಾದಲ್ಲಿ ತಾವೇ ಊಹಿಸಿ ಬರೆದುಬಿಟ್ಟದ್ದಾಗಿ ಹೇಳಿದರು. ನಿಮ್ಮನ್ನು ಚುಚ್ಚಿ ಎಬ್ಬಿಸಬೇಕೆಂದು ಬರೆದದ್ದಂತೆ. ಅವರನ್ನು ಬೈಯಬೇಡಿ. ಎರಡು ದಿನದಿಂದ ಅವರು ಯಾರಿಗೂ ತಮಾಷೆ ಮಾಡಿಲ್ಲ.

ನಾನು ಒಪ್ಪಿರಲಿಲ್ಲ. ಬೇಡ ಅನ್ನುವುದಕ್ಕೂ ಬಾಯಿ ಬಂದಿರಲಿಲ್ಲ. ನಿಮ್ಮ ಫೋನ್ ಬಂದ ಮೇಲೆ ಬಂತು. ಆ ಭಾನುವಾರ ಅವರು ಬರುವ ಮುಂಚೆ ಅಡುಗೆ ಮನೆಯಲ್ಲಿ ಅಕ್ಕನಿಗೆ ಹೇಳಿದೆ.

"ಯಾರಾದ್ರೂ ಇದಾರೇನೇ?" ಎಂದಳು.

"ಇದಾರೆ ಅಂತ ಹೇಳೋಕಾಗಲ್ಲ ಅಕ್ಕ. ಇಲ್ಲ ಅಂತಾನೂ ಹೇಳೋಕಾಗಲ್ಲ."

ಭಾವ ಹೊರಗಿನಿಂದಲೇ, "ಗಡಿಯಾರ ಆಗಿದ್ರೂ ಓಡ್ತಿದೆಯೋ ನಿಂತಿದೆಯೋ ಒಂದು ಹೇಳಬಹುದಿತ್ತು" ಎಂದರು.

"ಅವನೇನು ಹೇಳಿದಾನೆ?" ಎಂದು ಅಕ್ಕ ಕೇಳಿದಳು.

"ಪಾಲಿಶ್ ಚೆನ್ನಾಗಿದೆ ಅಂದಿದಾರೆ."

ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಭಾವ ಒಳಗೆ ಬಂದು, ಗಿರಣಿಯವರಿಗೆ ತಾವೇ ಹೇಳುವುದಾಗಿ ತಿಳಿಸಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ನನ್ನ ಹಿಂದಿನ ಕಾಗದ ಇಷ್ಟು ಹೊತ್ತಿಗೆ ನಿಮಗೆ ತಲುಪಿರಬೇಕು. ತಲುಪುವ ಹೊತ್ತಿಗೆ ನಿಮ್ಮ ರುಜು ಒಣಗಿಹೋಗಿತ್ತು. ಎರಡು ತಗ್ಗನ್ನು ಹತ್ತಿರ ಮಾಡುವುದಕ್ಕೆ ಎರಡು ವರ್ಷ ದೂರ ಇರುತ್ತೇನೆಂದು ಬರೆದುಕೊಟ್ಟಿದ್ದೀರಿ. ನಿಮ್ಮ ಮೇಲೆ ಸಿಟ್ಟು ಬಂತು. ಶನಿವಾರ ಪೂರ್ತಿ ಸಿಟ್ಟಿನಲ್ಲೇ ಇದ್ದೆ. ಇವತ್ತು ಬೆಳಿಗ್ಗೆ ಎದ್ದಾಗ ಇರಲಿಲ್ಲ.

ಕೇಳಿದ್ದಕ್ಕೆ ಉತ್ತರ: ಕಡಿಮೆ ಮಾತಿನವರು ನೀವೇ. ಇನ್ನೊಬ್ಬಳು ನಾನು. ಅದನ್ನು ತಿಕ್ಕುವಾಗ ಒಂದು ವಾರ ಪಾಲಿಶಜ್ಜಿಯನ್ನು ಹತ್ತಿರ ಬಿಡಲಿಲ್ಲ. ಕೊನೆಗೆ ಅವರು ಬೆರಳಿಟ್ಟು ಸವರಿ, "ಇವರಿಬ್ರು ಬಹಳ ದಿನ ಕೂತಿದಾರೆ ಕಣೇ" ಎಂದರು. ಕೂತಿಲ್ಲ ಎಂದು ನಾನು ಹೇಳಲಿಲ್ಲ.

ಎರಡು ವರ್ಷಕ್ಕೆ ಮರ ಏನೂ ಸವೆಯುವುದಿಲ್ಲ. ದಿನಾ ಕೂತರೂ ಬಣ್ಣ ಸ್ವಲ್ಪ ಮಾಸಬಹುದು ಅಷ್ಟೇ. ಇದು ನನಗೆ ಖಂಡಿತ ಗೊತ್ತು. ಮನುಷ್ಯರ ವಿಷಯ ಗೊತ್ತಿಲ್ಲ. ಕೆಲಸ ಬಿಟ್ಟು ಬನ್ನಿ ಎಂದು ನಾನು ಬರೆಯುವುದಿಲ್ಲ. ರುಜು ಹಾಕಿದ ಮೇಲೆ ಬಿಟ್ಟು ಬರುವವರಲ್ಲ ನೀವು. ಹಾಗೆ ಬರುವವರಾಗಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಇನ್ನು ಮೇಲೆ ಕಾಗದ ಕಾರ್ಖಾನೆಗೆ ಬೇಡ. ಲಕೋಟೆಯ ಹಿಂದೆ ಮನೆಯ ವಿಳಾಸ ಬರೆದಿದ್ದೇನೆ. ಇಲ್ಲಿ ಯಾರೂ ಒಡೆಯುವುದಿಲ್ಲ, ಭಾವನಿಗೆ ಹೇಳಿದ್ದೇನೆ. ನಿಮಗೆ ಹೇಳಬೇಕಾದದ್ದನ್ನೆಲ್ಲ ಬರೆಯಿರಿ, ನಿಧಾನವಾಗಿ, ನಡುವೆ ನಿಂತರೂ ಪರವಾಗಿಲ್ಲ. ಆದರೆ ಅದರಲ್ಲಿ ಪಾಲಿಶಿನ ವಿಷಯ ಒಂದಕ್ಷರವೂ ಇರಬಾರದು.

ಇಂತಿ,
ನಾನು